ನೀಲಿ ಡ್ರಮ್, ಜಿಂಕ್ ಬಕೆಟ್, ಸಿಮೆಂಟ್ ಬಾನಿ: ಆಡು, ಕುರಿ, ಕೋಳಿಗಳ ನೀರಿಗೆ ಯಾವುದನ್ನು ನಂಬಬಹುದು?

ಹಟ್ಟಿಯಂಗಳ (ಪ್ರಶ್ನೆ)
ಎಂಟು ಆಡು, ನಾಲ್ಕು ಕುರಿ, ಇಪ್ಪತ್ತು ಕೋಳಿ. ದಿನವಿಡೀ ನೀರು ಸಿಗುವ ಏರ್ಪಾಡು ಆಗಬೇಕು. ಕೈಗೆ ಸಿಕ್ಕಿರುವುದು 200 ಲೀಟರಿನ ಒಂದು ನೀಲಿ ಪ್ಲಾಸ್ಟಿಕ್ ಡ್ರಮ್, ಎರಡು ಗ್ಯಾಲ್ವನೈಸ್ಡ್ (ಸತು ಲೇಪಿಸಿದ) ಬಕೆಟ್, ಹೊಸದಾಗಿ ಕಟ್ಟಿದ ಸಿಮೆಂಟ್ ಬಾನಿ. ಡ್ರಮ್ಮನ್ನು ಉದ್ದಕ್ಕೆ ಸೀಳಿದರೆ ಎರಡು ತೊಟ್ಟಿ ಆಗುತ್ತದೆ. ಅದರಲ್ಲಿ ಮೊದಲು ಏನು ತುಂಬಿತ್ತೋ ಗೊತ್ತಿಲ್ಲ, ಆದರೆ ಅಡಿಯಲ್ಲಿ ತ್ರಿಕೋನದೊಳಗೆ 2 ಎಂದಿದೆ. 2 ಅಂದರೆ ಆಹಾರಕ್ಕೆ ಯೋಗ್ಯ ಅನ್ನುತ್ತಾರಲ್ಲ, ಸೋಪು ಹಾಕಿ ಉಜ್ಜಿದರೆ ಸಾಕೇ? ಕೋಳಿ ನೀರಿಗೆ ಆಗಾಗ ವಿನೆಗರ್ ಬೆರೆಸಬೇಕೆಂದೂ ಇದೆ. ಯಾವುದರಲ್ಲಿ ಯಾವ ಅಪಾಯ, ಲೆಕ್ಕದ ಸಮೇತ ಹೇಳಿ.

ತೂಬುಗಾರ
"ಏನು ತುಂಬಿತ್ತೋ ಗೊತ್ತಿಲ್ಲ" ಅಂದಿರಲ್ಲ, ಉತ್ತರ ಅಲ್ಲೇ ಇದೆ. ಆ ಡ್ರಮ್ ಬೇಡ.

ಅಚ್ಚುಕಾರ
ತ್ರಿಕೋನದ ಅಂಕಿ ಹೇಳುವುದು ಪ್ಲಾಸ್ಟಿಕ್ಕಿನ ಜಾತಿಯನ್ನು ಮಾತ್ರ. 2 ಅಂದರೆ ಎಚ್‌ಡಿಪಿಇ, 3 ಪಿವಿಸಿ, 5 ಪಾಲಿಪ್ರೊಪಿಲೀನ್. ಹಾಲಿನ ಕ್ಯಾನೂ 2, ಕೀಟನಾಶಕದ ಡಬ್ಬಿಯೂ 2. ಆಹಾರಯೋಗ್ಯ ಅನ್ನುವುದಕ್ಕೆ ಬೇರೆ ಗುರುತಿದೆ, ಲೋಟ ಮತ್ತು ಮುಳ್ಳುಚಮಚದ ಚಿತ್ರ. ಅದೂ ಪಾತ್ರೆ ಹೊಸದಾಗಿದ್ದ ದಿನದ ಮಾತು. ಆಮೇಲೆ ಅದರೊಳಗೆ ಯಾರು ಏನು ಸುರಿದರು ಎಂಬುದನ್ನು ಆ ಚಿತ್ರ ಹೇಳುವುದಿಲ್ಲ.

ಎಚ್‌ಡಿಪಿಇ ಗಾಜಿನ ಹಾಗಲ್ಲ. ಎಣ್ಣೆಯಂಥ ದ್ರವ, ದ್ರಾವಕ, ಕೀಟನಾಶಕ ಇವೆಲ್ಲ ಅದರ ಗೋಡೆಯೊಳಗೇ ಇಳಿದು ಕೂರುತ್ತವೆ. ಉಜ್ಜಿದಾಗ ಮೇಲ್ಮೈ ಹೊಳೆಯುತ್ತದೆ, ವಾಸನೆಯೂ ಹೋಗಿರುತ್ತದೆ. ನೀರು ತುಂಬಿ ಬಿಸಿಲಿಗಿಟ್ಟರೆ ಒಳಗಿದ್ದದ್ದು ನಿಧಾನವಾಗಿ ನೀರಿಗೆ ಬಿಡುತ್ತದೆ. ಹಾಗಾಗಿ ಮೂಸಿ ನೋಡಿದರೆ ಏನೂ ತಿಳಿಯುವುದಿಲ್ಲ.

ಮೇಲೆ ಉಬ್ಬಚ್ಚಿನಲ್ಲಿ 1ಎಚ್1 ಅಥವಾ 1ಎಚ್2 ಎಂದು ಇರಬಹುದು. ಮೊದಲನೆಯದು ಮೇಲ್ಭಾಗ ಬಿಗಿಯಾಗಿ ಮುಚ್ಚಿದ ಡ್ರಮ್, ಎರಡನೆಯದು ಮುಚ್ಚಳ ಪೂರ್ತಿ ತೆಗೆಯುವಂಥದ್ದು. ಅಪಾಯಕಾರಿ ಸರಕು ಸಾಗಿಸಲು ಗಟ್ಟಿತನದ ಪರೀಕ್ಷೆ ಆಗಿದೆ ಎಂಬುದಷ್ಟೇ ಅದರ ಅರ್ಥ. ಆಹಾರ ತುಂಬಿದ್ದ ಡ್ರಮ್ಮಿನ ಮೇಲೂ ಅದೇ ಇರುತ್ತದೆ. ನಿಮ್ಮ ಸಮಸ್ಯೆ ಅದರಿಂದಲೂ ಬಗೆಹರಿಯುವುದಿಲ್ಲ.

ಮಿತಬಳಕೆ
ಅತಿಯಾಯಿತು ಅನಿಸುತ್ತದೆ. ಕೀಟನಾಶಕದ ಡಬ್ಬಿಯ ಚೀಟಿಯಲ್ಲೇ ಮೂರು ಸಲ ಜಾಲಾಡಿ ಎಂದು ಬರೆದಿರುತ್ತದೆ. ಮೂರರ ಬದಲು ಹತ್ತು ಸಲ ಜಾಲಾಡಿದರಾಯಿತು. ಗಟ್ಟಿ ಡ್ರಮ್ಮನ್ನು ಸುಮ್ಮನೆ ಎಸೆಯುವುದೇಕೆ?

ಅಚ್ಚುಕಾರ
ಚೀಟಿಯನ್ನು ಪೂರ್ತಿ ಓದಿ. ಮೂರು ಸಲ ಜಾಲಾಡುವುದು ವಿಲೇವಾರಿಗೆ ಮುಂಚಿನ ಕೆಲಸ. ಜಾಲಾಡಿದ ನೀರು ಸಿಂಪಡಣೆಯ ಟ್ಯಾಂಕಿಗೇ ಹೋಗಬೇಕು, ಡಬ್ಬಿಗೆ ತೂತು ಹೊಡೆಯಬೇಕು. ಆ ತೂತು ಹೊಡೆಸುವುದೇ ಯಾರೂ ಅದರಲ್ಲಿ ಮತ್ತೆ ನೀರು ತುಂಬದಿರಲಿ ಎಂದು. ಡ್ರಮ್ ಎಸೆಯಬೇಕಿಲ್ಲ, ಒಣ ಸೌದೆ, ಹಗ್ಗ, ಗುದ್ದಲಿ, ಸನಿಕೆ ಇಡಿ. ಮೇವು ಮಾತ್ರ ಬೇಡ.

ಹಟ್ಟಿವೈದ್ಯ
ಅಚ್ಚುಕಾರರ ಮಾತಿಗೆ ಸೇರಿಸುತ್ತೇನೆ. ಕೀಟನಾಶಕದ ಡಬ್ಬಿಯೆಂದರೆ ಯಾರಾದರೂ ಹೆದರುತ್ತಾರೆ. ಹೆದರಿಕೆ ಹುಟ್ಟಿಸದ ಪಾತ್ರೆಗಳಿಂದಲೂ ಪ್ರಾಣಿ ಸಾಯುತ್ತವೆ. ವಾಹನದ ರೇಡಿಯೇಟರಿಗೆ ಹಾಕುವ ಕೂಲಂಟ್ ಡ್ರಮ್ಮಿನಲ್ಲಿ ಎಥಿಲೀನ್ ಗ್ಲೈಕಾಲ್ ಇರುತ್ತದೆ, ರುಚಿ ಸಿಹಿ. ಪ್ರಾಣಿ ದೂರ ಸರಿಯುವ ಬದಲು ನೆಕ್ಕಿ ನೆಕ್ಕಿ ಕುಡಿಯುತ್ತದೆ, ಮೂತ್ರಪಿಂಡ ಕೈಕೊಡುತ್ತದೆ.

ಇನ್ನೊಂದು ಗೊಬ್ಬರದ ಬಕೆಟ್. ಯೂರಿಯಾ ಕರಗಿಸಿದ ಬಕೆಟ್ಟಿನಲ್ಲೇ ಆಡಿಗೆ ನೀರಿಟ್ಟರೆ ಹೊಟ್ಟೆ ಉಬ್ಬರ, ನಡುಕ, ಬಾಯಲ್ಲಿ ನೊರೆ, ಕೆಲವೇ ಗಂಟೆಗಳಲ್ಲಿ ಸಾವು. ಮೆಲುಕು ಹಾಕುವ ಪ್ರಾಣಿಯ ಹೊಟ್ಟೆಯಲ್ಲಿ ಯೂರಿಯಾ ಸರ್ರನೆ ಅಮೋನಿಯ ಆಗುತ್ತದೆ. ನೈಟ್ರೇಟ್ ಗೊಬ್ಬರವಾದರೆ ರಕ್ತ ಆಮ್ಲಜನಕ ಹೊರುವ ಶಕ್ತಿಯನ್ನೇ ಕಳೆದುಕೊಂಡು ಕಂದುಬಣ್ಣಕ್ಕೆ ತಿರುಗುತ್ತದೆ. ನೀರಿನ ಬಕೆಟ್ಟಿಗೆ ಬೇರೆಯದೇ ಬಣ್ಣ ಇರಲಿ, ಆ ಬಣ್ಣದ ಬಕೆಟ್ ಇನ್ನಾವ ಕೆಲಸಕ್ಕೂ ಹೋಗದಿರಲಿ.

ಗರಿಗೆದರು
ಗ್ಯಾಲ್ವನೈಸ್ಡ್ ಬಕೆಟ್ಟಿಗೆ ಬರೋಣ. ಅದರಲ್ಲಿ ವಿನೆಗರ್ ಹಾಕಲೇಬೇಡಿ. ಕಬ್ಬಿಣದ ಮೇಲಿನ ಲೇಪ ಸತು, ಆಮ್ಲ ಅದನ್ನು ಕರಗಿಸಿ ನೀರಿಗೆ ಸೇರಿಸುತ್ತದೆ. ವಿನೆಗರ್ ಬೇಕಿದ್ದರೆ ಪ್ಲಾಸ್ಟಿಕ್, ಗಾಜು, ಸ್ಟೇನ್‌ಲೆಸ್ ಸ್ಟೀಲ್.

ಮಿತಬಳಕೆ
ಹಾಗಾದರೆ ಜಿಂಕ್ ಬಕೆಟ್ಟೇ ವಿಷ ಅಂದಹಾಗಾಯಿತು. ಎಷ್ಟೋ ಕಾಲದಿಂದ ದನಕರು ಅದರಲ್ಲೇ ಕುಡಿದು ಬದುಕಿವೆ.

ಗರಿಗೆದರು
ಹಾಗೆ ಹೇಳಲಿಲ್ಲ. ಸಾದಾ ನೀರು, ಪಿಎಚ್ (ಹುಳಿ, ಕ್ಷಾರದ ಅಳತೆ) 7ರ ಆಸುಪಾಸು, ದಿನಾ ಬದಲಾವಣೆ. ಇಷ್ಟಿದ್ದರೆ ಗ್ಯಾಲ್ವನೈಸ್ಡ್ ಬಕೆಟ್ ನಿಶ್ಚಿಂತೆಯಿಂದ ಬಳಸಬಹುದು. ತೊಂದರೆ ಶುರುವಾಗುವುದು ವಿನೆಗರ್, ನಿಂಬೆರಸ, ಮಜ್ಜಿಗೆಯಂಥ ಹುಳಿ ಬಿದ್ದಾಗ, ಅಥವಾ ಲೇಪ ಚಕ್ಕೆ ಎದ್ದಾಗ. ಕೋಳಿಗೆ ಹೊಳೆಯುವ ಚಕ್ಕೆ ಕಂಡರೆ ಕುಕ್ಕಿ ನುಂಗುತ್ತದೆ. ಮಾಂಸಲ ಹೊಟ್ಟೆಯಲ್ಲಿ ಕಲ್ಲಿನ ಜೊತೆ ಅದು ಅರೆಯುತ್ತಾ ಉಳಿದು ದಿನದಿನವೂ ಸತು ಬಿಡುತ್ತದೆ. ಹಕ್ಕಿಗಳಲ್ಲಿ ಸತುವಿನ ವಿಷ ಏರುವುದು ಬಕೆಟ್ಟಿನ ನೀರಿಗಿಂತ ಹೆಚ್ಚಾಗಿ ಹೀಗೆ ನುಂಗಿದ ಚೂರಿನಿಂದ, ತಂತಿಯ ತುಂಡಿನಿಂದ. ಸೊರಗುವುದು, ಕಾಲು ಬಲಹೀನವಾಗುವುದು, ಹಿಕ್ಕೆ ಹಸಿರಾಗುವುದು ಲಕ್ಷಣ. ಬಕೆಟ್ಟಿನ ಒಳಗೆ ಬಿಳಿ ಪುಡಿ ಎದ್ದಿದ್ದರೆ ಅದು ಸತುವಿನ ತುಕ್ಕು. ಅಂಥದ್ದನ್ನು ಕೋಳಿಗಳಿಂದ ದೂರ ಇಡಿ.

ತೂಬುಗಾರ
ಬರಿ ಕೆಂಪು ತುಕ್ಕು ಹಿಡಿದರೆ?

ಗರಿಗೆದರು
ಕಬ್ಬಿಣದ ತುಕ್ಕು ಅಷ್ಟು ಕೆಟ್ಟದ್ದಲ್ಲ. ಆದರೆ ಒರಟು ಗೋಡೆಗೆ ಲೋಳೆ ಚೆನ್ನಾಗಿ ಹಿಡಿಯುತ್ತದೆ, ತೊಳೆದರೂ ಪೂರ್ತಿ ಬಿಡುವುದಿಲ್ಲ. ಅಂಚು ಹರಿತವಾಗಿದ್ದರೆ ನಾಲಿಗೆ ಕೊಯ್ಯುತ್ತದೆ. ಕೊಕ್ಕು ತಾಗಿದಾಗ ನೀರು ಹನಿಸುವ ನಿಪ್ಪಲ್ ಇದ್ದರೆ ತುಕ್ಕಿನ ಕಣ ಹೋಗಿ ಕಟ್ಟಿಕೊಳ್ಳುತ್ತದೆ.

ಕೊಳದಬಾತು
ಪಾಚಿಯ ಬಗ್ಗೆ ಯಾರೂ ಮಾತಾಡಲಿಲ್ಲ. ತೊಟ್ಟಿಗೆ ಒಂದು ಚಿಟಿಕೆ ಮೈಲುತುತ್ತ (ತಾಮ್ರದ ಸಲ್ಫೇಟ್) ಹಾಕಿದರೆ ಪಾಚಿ ಬರುವುದಿಲ್ಲ. ತಾಮ್ರದ ತುಂಡು ಮುಳುಗಿಸಿದರೂ ಆದೀತು.

ಹಟ್ಟಿವೈದ್ಯ
ದಯವಿಟ್ಟು ಇದನ್ನು ಯಾರೂ ಮಾಡಬೇಡಿ. ಪ್ರಶ್ನೆಯಲ್ಲೇ ನಾಲ್ಕು ಕುರಿ ಇವೆ.

ಸಾಕುಪ್ರಾಣಿಗಳಲ್ಲಿ ತಾಮ್ರವನ್ನು ಎಲ್ಲಕ್ಕಿಂತ ಕಡಿಮೆ ತಡೆದುಕೊಳ್ಳುವುದು ಕುರಿ. ಬಂದ ತಾಮ್ರವನ್ನು ಹೊರಹಾಕುವ ಶಕ್ತಿ ಅದರ ಪಿತ್ತಜನಕಾಂಗಕ್ಕೆ ಬಹಳ ಕಡಿಮೆ. ವಾರ, ತಿಂಗಳುಗಟ್ಟಲೆ ಒಳಗೇ ಕೂಡಿಡುತ್ತದೆ. ಮೇಲ್ನೋಟಕ್ಕೆ ಕುರಿ ಚೆನ್ನಾಗಿಯೇ ಇರುತ್ತದೆ. ಆಮೇಲೆ ಸಾಗಣೆಯೋ, ಮೇವಿನ ಕೊರತೆಯೋ, ಏನಾದರೂ ಒತ್ತಡ ಬಿದ್ದ ದಿನ ಕೂಡಿಟ್ಟ ತಾಮ್ರ ಒಮ್ಮೆಗೇ ರಕ್ತಕ್ಕೆ ಬಿಡುತ್ತದೆ. ರಕ್ತಕಣ ಒಡೆಯುತ್ತವೆ, ಕಣ್ಣು ಹಳದಿ, ಮೂತ್ರ ಕೆಂಪು, ಒಂದೆರಡು ದಿನದಲ್ಲಿ ಸಾವು. ಆಗ ಯಾರಿಗೂ ತೊಟ್ಟಿಯ ನೆನಪು ಬರುವುದಿಲ್ಲ. ಆಡು ಇದಕ್ಕಿಂತ ಹೆಚ್ಚು ತಡೆದುಕೊಳ್ಳುತ್ತದೆ, ಹಾಗೆಂದು ಇಬ್ಬರಿಗೂ ಒಂದೇ ಬಾನಿ ಇಟ್ಟರೆ ಅಳತೆ ಕುರಿಯದ್ದೇ ಆಗಬೇಕು.

ಕೊಳದಬಾತು
ಬಾತು, ಕೋಳಿಗೆ ಅಂದುಕೊಂಡು ಬರೆದದ್ದು. ಕುರಿಯ ವಿಷಯ ಒಪ್ಪಿದೆ. ಹಾಗಾದರೆ ಪಾಚಿಗೆ ಏನು ಮಾಡುವುದು?

ಅಚ್ಚುಕಾರ
ಬೆಳಕು ತಪ್ಪಿಸಿ. ಪಾಚಿಗೆ ಬೇಕಾದದ್ದು ಬೆಳಕು ಮತ್ತು ಗೊಬ್ಬರ. ಬಿಳಿ, ಅರೆಪಾರದರ್ಶಕ ಟ್ಯಾಂಕ್ ಇದ್ದರೆ ಹೊರಗಡೆ ಕಪ್ಪು ಬಳಿದು ಅದರ ಮೇಲೊಂದು ತಿಳಿ ಬಣ್ಣ ಬಳಿಯಿರಿ. ಕಪ್ಪು ಬೆಳಕು ತಡೆಯುತ್ತದೆ, ತಿಳಿ ಬಣ್ಣ ನೀರು ಕಾಯದಂತೆ ನೋಡಿಕೊಳ್ಳುತ್ತದೆ. ಒಳಗಡೆ ಏನೂ ಬಳಿಯಬೇಡಿ. ಬಾಯಿ ತೆರೆದ ತೊಟ್ಟಿಯಾದರೆ ನೆರಳಿಗಿಡಿ.

ಹಟ್ಟಿವೈದ್ಯ
ಪಾಚಿಯೆಲ್ಲ ಒಂದೇ ಅಲ್ಲ ಎಂಬುದೂ ತಿಳಿದಿರಲಿ. ಗೋಡೆಗೆ ಅಂಟಿದ ಎಳೆಎಳೆ ಹಸಿರು ಪಾಚಿ ಸಾಮಾನ್ಯವಾಗಿ ವಿಷವಲ್ಲ. ನೀರಿನ ಮೇಲೆ ಹಸಿರು ಪೇಂಟ್ ಚೆಲ್ಲಿದ ಹಾಗೆ, ಅಥವಾ ಬಟಾಣಿ ಸಾರಿನ ಹಾಗೆ ಹರಡಿದ್ದರೆ ಅದು ನೀಲಿಹಸಿರು ಪಾಚಿ ಇರಬಹುದು, ನಿಜದಲ್ಲಿ ಅದೊಂದು ಬ್ಯಾಕ್ಟೀರಿಯಾ. ಕೆಲವು ಬಗೆ ಪಿತ್ತಜನಕಾಂಗಕ್ಕೆ, ಕೆಲವು ನರಗಳಿಗೆ ವಿಷ. ಕುಡಿದ ಕೆಲವೇ ಹೊತ್ತಿನಲ್ಲಿ ಪ್ರಾಣಿ ತೊಟ್ಟಿಯ ಪಕ್ಕದಲ್ಲೇ ಬಿದ್ದಿರಬಹುದು. ಕುದಿಸಿದರೂ ಆ ವಿಷ ಹೋಗುವುದಿಲ್ಲ. ಕ್ಲೋರಿನ್ನೋ ತುತ್ತವೋ ಹಾಕಿ ಅದನ್ನು ಕೊಂದರೆ ಕೋಶ ಒಡೆದು ಒಳಗಿನ ವಿಷವೆಲ್ಲ ಒಟ್ಟಿಗೇ ನೀರಿಗೆ ಬರುತ್ತದೆ. ಪ್ರಾಣಿಗಳನ್ನು ದೂರ ಕಟ್ಟಿ, ನೀರು ಪೂರ್ತಿ ಚೆಲ್ಲಿ, ಚೆಲ್ಲಿದ ಜಾಗಕ್ಕೂ ಅವು ಹೋಗದಂತೆ ನೋಡಿ, ಆಮೇಲೆ ಉಜ್ಜಿ ತೊಳೆಯಿರಿ.

ಗಾರೆಕೆಲಸ
ಸಿಮೆಂಟ್ ಬಾನಿ ಇನ್ನೂ ಹಸಿ ಇದೆಯಾ? ಹೊಸ ಗಾರೆಯಿಂದ ಸುಣ್ಣ ಬಿಡುತ್ತದೆ, ಮೊದಲ ನೀರಿನ ಪಿಎಚ್ 12ರವರೆಗೂ ಹೋಗಬಹುದು. ಪ್ರಾಣಿ ಮೂತಿ ಇಟ್ಟು ಹಿಂದೆ ಸರಿದರೆ ಪುಣ್ಯ, ಕುಡಿದರೆ ಬಾಯಿ ಸುಡುತ್ತದೆ.

ಕಟ್ಟಿದ ಮೇಲೆ ಕನಿಷ್ಠ 7 ದಿನ ಒದ್ದೆ ಗೋಣಿ ಹೊದಿಸಿ ಹದ ಮಾಡಿ. ಆಮೇಲೆ ಅಂಚಿನವರೆಗೆ ನೀರು ತುಂಬಿ 2-3 ದಿನ ಬಿಟ್ಟು ಪೂರ್ತಿ ಹೊರಹಾಕಿ, ಗೋಡೆಯನ್ನು ಗಡುಸು ಬ್ರಷ್ಷಿನಿಂದ ಉಜ್ಜಿ. ಹೀಗೆ ನಾಲ್ಕೈದು ಸಲ. ಪ್ರತಿ ಸಲ ಚೆಲ್ಲುವ ಮುಂಚೆ ಪಿಎಚ್ ಪಟ್ಟಿ ಅದ್ದಿ ನೋಡಿ, 8.5ಕ್ಕಿಂತ ಕೆಳಗಿಳಿಯುವ ತನಕ ಕೊಡಬೇಡಿ. ಬೇಗ ಆಗಬೇಕೆಂದರೆ ಎರಡನೇ ಸಲದ ನಂತರ ಒಂದು ಪಾಲು ವಿನೆಗರಿಗೆ ನಾಲ್ಕು ಪಾಲು ನೀರು ಬೆರೆಸಿ ಗೋಡೆಗೆ ಬಳಿದು, ನೊರೆ ನಿಂತ ಮೇಲೆ ತೊಳೆದುಬಿಡಿ. ಮೇಲೆ ಬೈಸಿಕೊಂಡ ವಿನೆಗರ್ ಇಲ್ಲಿ ಕೆಲಸಕ್ಕೆ ಬರುತ್ತದೆ. ಹಾಗೆಂದು ತುಂಬಿದ ಸಿಮೆಂಟ್ ಬಾನಿಗೆ ದಿನಾ ವಿನೆಗರ್ ಹಾಕಬೇಡಿ, ಗಾರೆ ತಿನ್ನುತ್ತದೆ, ಗೋಡೆ ಒರಟಾಗುತ್ತದೆ.

ಸೋರುತ್ತದೆಂದು ಒಳಗೆ ಸಿಕ್ಕ ಬಣ್ಣ ಬಳಿಯುವವರಿದ್ದಾರೆ. ಕುಡಿಯುವ ನೀರಿನ ತೊಟ್ಟಿಗೆಂದೇ ಬರುವ ಎಪಾಕ್ಸಿ ಬಿಟ್ಟು ಬೇರೆ ಬೇಡ. ಗೋಡೆಯ ಬಣ್ಣಗಳಲ್ಲಿ ಬೂಷ್ಟು ಹಿಡಿಯದಂತೆ ಶಿಲೀಂಧ್ರನಾಶಕ ಇರುತ್ತದೆ, ಬಚ್ಚಲುಮನೆಯ ಸಿಲಿಕೋನ್ ಅಂಟಿನಲ್ಲೂ ಅಷ್ಟೇ.

ಹಟ್ಟಿವೈದ್ಯ
ಹಳೆಯ ಬಣ್ಣದಲ್ಲಿ ಸೀಸ ಕೂಡ. ಕಬ್ಬಿಣದ ಹಳೇ ಟ್ಯಾಂಕಿನ ಕೆಳಪದರದಲ್ಲಿ ಕಾಣುವ ಕಿತ್ತಳೆಗೆಂಪು ಬಣ್ಣ ಸೀಸದ್ದಾಗಿರುವ ಸಾಧ್ಯತೆ ಹೆಚ್ಚು. ಎನಾಮಲ್ ಹಚ್ಚಿದ ಹಳೇ ಸ್ನಾನದ ತೊಟ್ಟಿಯನ್ನೂ ಹಾಗೇ ಅನುಮಾನಿಸಿ. ಕರುಗಳು ನೆಕ್ಕಿ ನೆಕ್ಕಿ ಚಕ್ಕೆ ಎಬ್ಬಿಸುತ್ತವೆ. ಕಣ್ಣು ಕಾಣದೆ ಗೋಡೆಗೆ ತಲೆ ಒತ್ತುವ, ಹಲ್ಲು ಕಡಿಯುವ ಕರು ಕಂಡರೆ ಸೀಸವನ್ನು ಮೊದಲು ನೆನೆಯಬೇಕು.

ಹಗ್ಗಗೂಟ
ಟ್ರ್ಯಾಕ್ಟರ್ ಟೈರ್ ಅರ್ಧ ಕೊಯ್ದು ಮಾಡಿದ ತೊಟ್ಟಿ? ಒಡೆಯುವುದಿಲ್ಲ, ಮಗುಚುವುದಿಲ್ಲ.

ಅಚ್ಚುಕಾರ
ಗಟ್ಟಿತನ ಒಪ್ಪುತ್ತೇನೆ, ದೊಡ್ಡ ಹಿಂಡಿಗೆ ಇದನ್ನು ಬಳಸುವವರು ಬಹಳ ಮಂದಿ. ಆದರೆ ಟೈರ್ ರಬ್ಬರಿನಲ್ಲಿ ಸತುವಿನ ಆಕ್ಸೈಡ್ ಇರುತ್ತದೆ, ಬಿಸಿಲು ತಿಂದು ಬಿರುಕು ಬಿಟ್ಟಷ್ಟೂ ನೀರಿಗೆ ಇಳಿಯುತ್ತದೆ. ಕೊಯ್ದ ಅಂಚಿನಲ್ಲಿ ಉಕ್ಕಿನ ತಂತಿ ಮುಳ್ಳಿನಂತೆ ಎದ್ದಿರುತ್ತದೆ. ಒಳಮಡಿಕೆಯಲ್ಲಿ ಬ್ರಷ್ ಹೋಗುವುದಿಲ್ಲ. ದಿನಾ ನೀರು ಬದಲಾಗದ ಸಣ್ಣ ಹಿಂಡಿಗೆ ನನ್ನ ಮತ ಬೇಡ.

ಮಿತಬಳಕೆ
ಇಷ್ಟು ಲೆಕ್ಕ ಹಾಕಿದರೆ ಬಳಸಲು ಏನೂ ಉಳಿಯುವುದಿಲ್ಲ!

ತೂಬುಗಾರ
ಉಳಿಯುತ್ತದೆ. ಮೊದಲು ಎಷ್ಟು ನೀರು ಬೇಕು ನೋಡಿ. ಆಡು, ಕುರಿ ತಲೆಗೆ ದಿನಕ್ಕೆ 4ರಿಂದ 8 ಲೀಟರ್, ಸೆಕೆಯಲ್ಲಿ, ಹಾಲು ಕೊಡುವಾಗ ಇನ್ನೂ ಹೆಚ್ಚು. ಹನ್ನೆರಡು ತಲೆಗೆ ಸುಮಾರು 100 ಲೀಟರ್ ಹಿಡಿಯಿರಿ. ಕೋಳಿ ತಲೆಗೆ ಕಾಲು ಲೀಟರ್, ಬಿಸಿಲಿಗೆ ಅದರ ಎರಡರಷ್ಟು, ಅಂದರೆ 5ರಿಂದ 10 ಲೀಟರ್. ಇಷ್ಟಕ್ಕೆ 40 ಲೀಟರಿನ ಮೂರು ಹೊಸ ಪ್ಲಾಸ್ಟಿಕ್ ಟಬ್ ಸಾಕು, ದಿನಾ ಬೆಳಿಗ್ಗೆ ಮಗುಚಿ ತುಂಬಬಹುದು. 200 ಲೀಟರಿನ ತೊಟ್ಟಿ ಇಟ್ಟರೆ ಯಾರೂ ದಿನಾ ಚೆಲ್ಲುವುದಿಲ್ಲ, ಮೇಲೆ ಮೇಲೆ ತುಂಬುತ್ತಾ ಹೋಗುತ್ತಾರೆ, ತಳದಲ್ಲಿ ವಾರದ ಕೆಸರು ಹಾಗೇ ಇರುತ್ತದೆ. ಮೂರು ಕಡೆ ಇಟ್ಟರೆ ಗದರುವ ದೊಡ್ಡ ಆಡು ಉಳಿದವನ್ನು ಓಡಿಸುವುದೂ ತಪ್ಪುತ್ತದೆ.

ಮರಿಮೇಕೆ
ಟಬ್ ಎತ್ತರಕ್ಕಿಡಿ. ಆಡು ಅಂದರೆ ಕಾಲಿಡುತ್ತದೆ, ಹಿಕ್ಕೆ ಹಾಕುತ್ತದೆ. ಎತ್ತರದ ಕಟ್ಟೆಯ ಮೇಲಿಟ್ಟು ಮುಂಗಾಲು ಇಡಲು ಒಂದು ಮೆಟ್ಟಿಲು ಕೊಟ್ಟರೆ ಹಿಂಭಾಗ ಹೊರಗೇ ಉಳಿಯುತ್ತದೆ. ಮರಿಗಳಿಗೆ ಬೇರೆ, ಒಂದು ಗೇಣಿಗಿಂತ ಕಡಿಮೆ ಆಳದ ತಟ್ಟೆ. ಆಳದ ಬಕೆಟ್ಟಿಗೆ ತಲೆಕೆಳಗಾಗಿ ಬಿದ್ದ ಮರಿಗೆ ಮತ್ತೆ ಏಳಲು ಆಗುವುದಿಲ್ಲ, ನೀರು ಅರ್ಧ ಇದ್ದರೂ ಮುಳುಗುತ್ತದೆ.

ಇನ್ನೊಂದು, ಬಕೆಟ್ಟಿನ ಹಿಡಿ. ಕೊಂಬಿನ ಆಡು ಹಿಡಿಯೊಳಗೆ ತಲೆ ತೂರಿಸಿದರೆ ಬಕೆಟ್ ಕುತ್ತಿಗೆಗೆ ನೇತಾಡುತ್ತದೆ, ಗಾಬರಿಯಾಗಿ ಓಡಿ ಕಾಲು ಮುರಿದುಕೊಳ್ಳುತ್ತದೆ. ಹಿಡಿ ಕಳಚಿ ಇಡಿ. ಆಗದಿದ್ದರೆ ಗೋಡೆಯ ಕಡೆ ಮಡಚಿ ಬಿಗಿಯಿರಿ, ತಂತಿಯ ತುದಿಗೆ ಟೇಪ್ ಸುತ್ತಿ. ಆ ತುದಿ ಕಣ್ಣುರೆಪ್ಪೆ ಹರಿಯುತ್ತದೆ.

ಗರಿಗೆದರು
ಕೋಳಿಮರಿಗೂ ಇದೇ ಮಾತು. ಮೊದಲ ವಾರ ನೀರಿನ ಆಳ 1 ಸೆಂ.ಮೀ. ಮೀರಬಾರದು, ತಟ್ಟೆಯ ತುಂಬ ತೊಳೆದ ಬೆಣಚುಕಲ್ಲು ಹರಡಿ. ನೆಂದ ಮರಿ ಮುಳುಗದಿದ್ದರೂ ಚಳಿಗೆ ಸಾಯುತ್ತದೆ. ದೊಡ್ಡ ಕೋಳಿಗೆ ತಟ್ಟೆಯ ಅಂಚು ಬೆನ್ನಿನ ಮಟ್ಟಕ್ಕಿರಲಿ, ಕೆರೆದ ಕಸ ಬೀಳುವುದಿಲ್ಲ.

ಕೊಳದಬಾತು
ಬಾತಿಗೆ ಈ ನಿಯಮ ಹೊಂದುವುದಿಲ್ಲ. ಅದು ಕೊಕ್ಕಿನ ಮೇಲಿನ ಮೂಗಿನ ಹೊಳ್ಳೆ ಮುಳುಗಿಸಿ ತೊಳೆದುಕೊಳ್ಳಲೇಬೇಕು, ಇಲ್ಲದಿದ್ದರೆ ಹೊಳ್ಳೆ, ಕಣ್ಣು ಕಟ್ಟುತ್ತವೆ. ತಲೆ ಪೂರ್ತಿ ಮುಳುಗುವ ಆಳ, ಮೈ ಹೋಗದ ಬಾಯಿ, ಇದು ಅಳತೆ. ನಿಪ್ಪಲ್ ಒಂದನ್ನೇ ಕೊಟ್ಟರೆ ಸಾಲದು.

ಹಟ್ಟಿಯಂಗಳ
ಡ್ರಮ್ ಕೈಬಿಟ್ಟೆ. ಹೊಸ ಟಬ್, ಹದ ಮಾಡಿದ ಬಾನಿ ಎಂದು ತೀರ್ಮಾನ. ತೊಳೆಯುವುದಕ್ಕೆ ಲೀಟರಿಗೆ 1 ಮಿ.ಲೀ. ಬ್ಲೀಚ್ ಕುಡಿಯುವ ನೀರಿಗೇ ಹಾಕಿಬಿಟ್ಟರೆ ಉಜ್ಜುವ ಕೆಲಸ ಉಳಿಯುತ್ತದಲ್ಲ?

ಲೆಕ್ಕದಕೋಲು
ಇಲ್ಲ, ಎರಡೂ ತಪ್ಪು. 5% ಬ್ಲೀಚ್ ದ್ರವದ 1 ಮಿ.ಲೀ.ನಲ್ಲಿ ಸುಮಾರು 50 ಮಿ.ಗ್ರಾಂ ಕ್ಲೋರಿನ್. ಲೀಟರಿಗೆ ಹಾಕಿದರೆ 50 ಮಿ.ಗ್ರಾಂ, ಪ್ರಾಣಿ ಮೂಸಿ ಬಿಟ್ಟುಬಿಡುತ್ತದೆ. ಬಿಸಿಲಲ್ಲಿ ಕುಡಿಯದೆ ನಿಂತರೆ ಅದೇ ದೊಡ್ಡ ಕೇಡು. ಕುಡಿಯುವ ನೀರಿಗೆ 10 ಲೀಟರಿಗೆ 1 ಮಿ.ಲೀ. ಮಾತ್ರ, ಅಂದರೆ ಲೀಟರಿಗೆ 5 ಮಿ.ಗ್ರಾಂ. ಹಾಕಿ ಅರ್ಧ ಗಂಟೆ ಬಿಟ್ಟು ಕೊಡಿ.

ಪಾತ್ರೆ ತೊಳೆಯುವುದಕ್ಕೆ ಬೇರೆ ಲೆಕ್ಕ: 4 ಲೀಟರಿಗೆ 15 ಮಿ.ಲೀ., ಅಂದರೆ ಲೀಟರಿಗೆ ಸುಮಾರು 190 ಮಿ.ಗ್ರಾಂ. ಆದರೆ ಮೊದಲು ಉಜ್ಜಬೇಕು. ಗೋಡೆ ಮುಟ್ಟಿದಾಗ ಜಾರುವ ಲೋಳೆ ಇದೆಯಲ್ಲ, ಅದರೊಳಗೆ ಬ್ಯಾಕ್ಟೀರಿಯಾ ಬೆಚ್ಚಗೆ ಕೂತಿರುತ್ತವೆ. ಕ್ಲೋರಿನ್ ಆ ಲೋಳೆಯ ಮೇಲ್ಪದರದಲ್ಲೇ ಖರ್ಚಾಗಿಹೋಗುತ್ತದೆ. ಚೆಲ್ಲಿ, ಸೋಪಿನ ನೀರು ಹಾಕಿ ಬ್ರಷ್ಷಿನಿಂದ ಉಜ್ಜಿ, ತೊಳೆದು, ಆಮೇಲೆ ಬ್ಲೀಚ್ ನೀರು 10 ನಿಮಿಷ, ಮತ್ತೆ ಒಂದು ಸಲ ತೊಳೆದು ಬಿಸಿಲಿಗೆ ಬೋರಲು ಹಾಕಿ. ವಾರಕ್ಕೊಮ್ಮೆ ಇದು, ದಿನಾ ಬರಿ ಉಜ್ಜುವುದು.

ಬ್ಲೀಚಿಗೆ ವಿನೆಗರ್ ತಾಕಿದರೆ ಕ್ಲೋರಿನ್ ಅನಿಲ ಬರುತ್ತದೆ, ಗಂಜಲದ ಅಮೋನಿಯ ಸೇರಿದರೂ ಕೆಟ್ಟ ಹೊಗೆ. ಹಟ್ಟಿಯೊಳಗೆ ಬಾಗಿಲು ಹಾಕಿಕೊಂಡು ಮಾಡುವ ಕೆಲಸವಲ್ಲ.

ಮಿತಬಳಕೆ
ವಾರಕ್ಕೊಮ್ಮೆ ಅನ್ನುವುದು ಸೊಳ್ಳೆಗೂ ಸರಿಹೋಗುತ್ತದೆ. ಮೊಟ್ಟೆಯಿಂದ ಸೊಳ್ಳೆಯಾಗಲು ಬೆಚ್ಚಗಿದ್ದರೆ 7ರಿಂದ 10 ದಿನ.

ಲೆಕ್ಕದಕೋಲು
ಸರಿ, ಆದರೆ ಬರಿ ಚೆಲ್ಲಿದರೆ ಸಾಲದು. ಡೆಂಗಿ ಹರಡುವ ಈಡಿಸ್ ಸೊಳ್ಳೆ ನೀರಿನ ಅಂಚಿಗೆ ಮೇಲೆ ಗೋಡೆಗೇ ಮೊಟ್ಟೆ ಅಂಟಿಸುತ್ತದೆ, ಅವು ಒಣಗಿಯೂ ತಿಂಗಳುಗಟ್ಟಲೆ ಉಳಿಯುತ್ತವೆ. ಅಂಚನ್ನೇ ಉಜ್ಜಬೇಕು.

ಗರಿಗೆದರು
ಲಸಿಕೆಯ ದಿನ ನೆನಪಿರಲಿ. ಕುಡಿಯುವ ನೀರಿನಲ್ಲಿ ಕೊಡುವ ಜೀವಂತ ಲಸಿಕೆಯನ್ನು ಕ್ಲೋರಿನ್ ಕೊಂದುಹಾಕುತ್ತದೆ. ಮುಂಚಿನ 24ರಿಂದ 48 ಗಂಟೆ ಬ್ಲೀಚ್ ನಿಲ್ಲಿಸಿ, ಪಾತ್ರೆಯನ್ನು ಸಾದಾ ನೀರಿನಲ್ಲೇ ತೊಳೆಯಿರಿ, ಲೀಟರಿಗೆ 2.5 ಗ್ರಾಂ ಕೆನೆ ತೆಗೆದ ಹಾಲಿನ ಪುಡಿ ಕದಡಿ ಆಮೇಲೆ ಲಸಿಕೆ ಬೆರೆಸಿ. ಲೋಹದ ಪಾತ್ರೆ ಆ ದಿನ ಬೇಡವೇ ಬೇಡ.

ನಲ್ಲಿತಿರುಪು
ಎಲ್ಲರೂ ಪಾತ್ರೆ ನೋಡಿದಿರಿ, ಪೈಪ್ ಬಿಟ್ಟಿರಿ. ಬಾನಿಗೆ ನಲ್ಲಿಯಿಂದ ಪೈಪ್ ಮುಳುಗಿಸಿಟ್ಟು ನೀರು ಬಿಡುವ ಅಭ್ಯಾಸ ಇದ್ದರೆ ಇವತ್ತೇ ನಿಲ್ಲಿಸಿ. ಕೊಳವೆಯಲ್ಲಿ ಒತ್ತಡ ಇಳಿದ ಕ್ಷಣ ಬಾನಿಯ ನೀರು, ಜೊಲ್ಲು, ಹಿಕ್ಕೆ ಸಮೇತ ಹಿಂದಕ್ಕೆ ಎಳೆದುಕೊಂಡು ಮನೆಯವರು ಕುಡಿಯುವ ಕೊಳವೆಗೇ ಸೇರುತ್ತದೆ. ಬಾನಿ ತುಂಬಿದಾಗ ತಾನೇ ನೀರು ನಿಲ್ಲಿಸುವ ಫ್ಲೋಟ್ ವಾಲ್ವ್ ಹಾಕಿದರೂ ಅದರ ಬಾಯಿ ಬಾನಿಯ ಅಂಚಿಗಿಂತ ಮೇಲಿರಬೇಕು. ಪೈಪಿನ ಒಳವ್ಯಾಸದ ಎರಡರಷ್ಟು ಗಾಳಿಯ ಅಂತರ, ಯಾವ ಕಾರಣಕ್ಕೂ 25 ಮಿ.ಮೀ.ಗಿಂತ ಕಡಿಮೆ ಬೇಡ. ಫ್ಲೋಟಿನ ಮೇಲೆ ಗಟ್ಟಿ ಮುಚ್ಚಳ ಹಾಕಿ, ಆಡು ಮೂತಿಯಿಂದ ತಳ್ಳಿ ಮುರಿಯುತ್ತದೆ.

ಬಿಸಿಲಲ್ಲಿ ಬಿದ್ದ ತೋಟದ ಪೈಪಿನಲ್ಲಿ ನಿಂತ ಮೊದಲ ನೀರನ್ನು ಗಿಡದ ಬುಡಕ್ಕೆ ಬಿಡಿ, ತಣ್ಣಗಾದ ಮೇಲೆ ಬಾನಿಗೆ. ಮೆತ್ತನೆಯ ಪಿವಿಸಿ ಪೈಪ್ ಕಾದಾಗ ಅದನ್ನು ಮೆತ್ತಗಾಗಿಸಲು ಬೆರೆಸಿದ ರಾಸಾಯನಿಕ ಬಿಡುತ್ತದೆ, ಹಳೇ ಹಿತ್ತಾಳೆಯ ಜೋಡಣೆಯಲ್ಲಿ ಸೀಸ ಇರಬಹುದು.

ಹಗ್ಗಗೂಟ
ಬಾನಿ ತುಂಬಿದ್ದರೂ ದನ ಮೂತಿ ಇಟ್ಟು ತಟ್ಟನೆ ಹಿಂದೆಗೆದರೆ ಪಂಪಿನ ವಿದ್ಯುತ್ ಸೋರುತ್ತಿದೆಯೇ ನೋಡಿ. ಒದ್ದೆ ನೆಲ, ಒದ್ದೆ ಮೂತಿ, ದನಕ್ಕೆ 2-4 ವೋಲ್ಟ್ ಸಾಕು. ಮನುಷ್ಯರ ಕೈಗೆ ತಿಳಿಯುವುದೂ ಇಲ್ಲ. ಮೀಟರಿನ ಒಂದು ಕಡ್ಡಿ ನೀರಿಗೆ, ಇನ್ನೊಂದು ದನ ನಿಲ್ಲುವ ಒದ್ದೆ ನೆಲಕ್ಕೆ ಇಟ್ಟು ಅಳೆಯಿರಿ.

ಹಟ್ಟಿವೈದ್ಯ
ಮುಚ್ಚಿದ ಟ್ಯಾಂಕನ್ನೂ ಇಣುಕಿ ನೋಡುತ್ತಿರಿ. ಇಲಿ ಬಿದ್ದು ಕೊಳೆತರೆ ಬಾಟ್ಯುಲಿಸಂ ವಿಷ ಹುಟ್ಟಬಹುದು, ಕೋಳಿಗಳ ಕತ್ತು ಜೋತುಬೀಳುತ್ತದೆ. ಇಲಿಯ ಮೂತ್ರದಿಂದ ಇಲಿಜ್ವರ ಪ್ರಾಣಿಗೂ ಬರುತ್ತದೆ, ತೊಳೆಯುವವರ ಕೈಯ ಗಾಯದ ಮೂಲಕ ಮನುಷ್ಯರಿಗೂ. ಕೈಗವಸು ಹಾಕಿ. ತೆರೆದ ದೊಡ್ಡ ಬಾನಿಗೆ ಒಂದು ಒರಟು ಹಲಗೆ ಓರೆಯಾಗಿ ಇಳಿಬಿಡಿ, ಬಿದ್ದ ಅಳಿಲು, ಹಕ್ಕಿ ಹತ್ತಿ ಹೋಗಲಿ.

ಹಟ್ಟಿಯಂಗಳ
ಟಬ್ಬಿನ ತಳದ ಪಕ್ಕದಲ್ಲಿ ತೂಬು ಕೂರಿಸಬೇಕು, ಮಗುಚುವ ಕಷ್ಟ ತಪ್ಪಲಿ ಎಂದು. ವಾಷರ್ ಒಳಗಡೆಯೋ ಹೊರಗಡೆಯೋ?

ತೂಬುಗಾರ
ತೂಬಿನ ಅಗಲ ತಲೆಯ ಕಡೆ, ಅಂದರೆ ಒಳಗಡೆ. ನೀರಿನ ಒತ್ತಡವೇ ಅದನ್ನು ಗೋಡೆಗೆ ಒತ್ತುತ್ತದೆ. ಹೊರಗಡೆ ನಟ್. ಕುಡಿಯುವ ನೀರಿಗೆ ಬರುವ ಇಪಿಡಿಎಂ ಎಂಬ ರಬ್ಬರಿನ ಅಥವಾ ಸಿಲಿಕೋನ್ ವಾಷರ್ ತನ್ನಿ, ಹಳೇ ಟ್ಯೂಬ್ ಕತ್ತರಿಸಿ ಹಾಕಬೇಡಿ. ಕೈಯಲ್ಲಿ ಬಿಗಿದು ಮೇಲೆ ಕಾಲು ಸುತ್ತು ಸಾಕು, ಹೆಚ್ಚು ಬಿಗಿದರೆ ಪ್ಲಾಸ್ಟಿಕ್ ಸೀಳುತ್ತದೆ. ತೂತು ಕೊರೆದ ಚೂರುಗಳನ್ನು ಒಂದೂ ಬಿಡದೆ ಆರಿಸಿ.

ಗರಿಗೆದರು
ಆ ಚೂರುಗಳ ಮಾತು ಕೋಳಿ ಇರುವವರೆಲ್ಲ ಕೇಳಿಸಿಕೊಳ್ಳಿ. ಕೊರೆಯುವುದನ್ನು ಅಂಗಳದಿಂದ ದೂರ, ಗೋಣಿಯ ಮೇಲೆ ಮಾಡಿ.